ಮಳೆ ರಿಜಿಸ್ಟರ್‌ನ ತಾರೀಕುಗಳನ್ನು ಕಂಪ್ಯೂಟರ್ ಬೇರೆ ಥರ ಓದುತ್ತಿದೆ: ಪೈಥಾನ್, ಎಕ್ಸೆಲ್ ಗೊತ್ತಿರುವವರು ದಯವಿಟ್ಟು ನೋಡಿ

ರೊಬಸ್ಟಾ ಮೂಡಿಗೆರೆ:
ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ ಇದೆ. ಅಜ್ಜನ ಕಾಲದಿಂದ ಮಳೆ ಲೆಕ್ಕ ಬರೆದುಕೊಂಡು ಬಂದಿದ್ದೇವೆ. 1962ರ ರಿಜಿಸ್ಟರ್ ಕೂಡ ಇನ್ನೂ ಓದುವ ಹಾಗಿದೆ. ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಬರೆದದ್ದು. ಅಷ್ಟನ್ನೂ ಟೈಪ್ ಮಾಡಿಸಿದ್ದೇನೆ. ಒಬ್ಬರೇ ಟೈಪ್ ಮಾಡಿದ್ದಲ್ಲ, ಬೇರೆ ಬೇರೆ ಕಡೆ ಮಾಡಿಸಿದ್ದು. ಹಾಗಾಗಿ ತಾರೀಕಿನ ಕಾಲಂ ಹೀಗಿದೆ:

05/07/2019 – 2.40
12-7-62 – 3.10
೫ ಜುಲೈ ೧೯೮೭ – 1.85
4.3.2001 ಭಾನುವಾರ – 0.95
ಆರಿದ್ರಾ ಮಳೆ ಎರಡನೇ ದಿನ 1974 – 2.20

ಇದನ್ನೆಲ್ಲ ಒಂದೇ ರೀತಿಯ ತಾರೀಕು ಮಾಡಿ ಗ್ರಾಫ್ ಹಾಕಬೇಕು. ಬ್ಲಾಸಮ್ ಮಳೆ, ಅಂದರೆ ಕಾಫಿ ಹೂವು ಅರಳಿಸುವ ಬೇಸಿಗೆ ಮಳೆ, ಈಗ ಮುಂಚೆ ಬರುತ್ತಿದೆಯಾ, ತಡವಾಗಿದೆಯಾ ಅಂತ ನೋಡುವುದು ನನ್ನ ಉದ್ದೇಶ. ಸದ್ಯಕ್ಕೆ 2005ರಿಂದ ಈಚೆಗಿನದನ್ನು ಮಾತ್ರ ತೆಗೆದುಕೊಂಡೆ. ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿ, ಆಮೇಲೆ ಪೈಥಾನ್‌ನಲ್ಲಿ ಕೋಷ್ಟಕ ಓದುವ ಲೈಬ್ರರಿ ಪಾಂಡಾಸ್‌ಗೆ ಕೊಟ್ಟೆ. ಓದಲಾಗದ್ದನ್ನು ಖಾಲಿ ಬಿಡು ಅಂತ ಹೇಳಿದ್ದರಿಂದ ಎರರ್ ಏನೂ ಬರಲಿಲ್ಲ. ಆದರೆ ಗ್ರಾಫ್ ನೋಡಿದರೆ ಪ್ರತಿ ವರ್ಷ ಜನವರಿ 6, 7, 8ಕ್ಕೆ ಎರಡು-ಮೂರು ಇಂಚು ಮಳೆ. ಫೆಬ್ರವರಿ 6, 7, 8ಕ್ಕೂ ಹಾಗೇ. ಡಿಸೆಂಬರ್‌ನಲ್ಲೂ ಅದೇ. ಮಳೆಗೆ ಹೆಸರಾದ ಕೊಟ್ಟಿಗೆಹಾರದಲ್ಲಿ ಕೂಡ ಇಂಥ ಮಳೆ ಆಗಲ್ಲ. ಎಲ್ಲಿ ಕೆಟ್ಟಿದೆ?

ಡೇಟಾ ಬೇಲೂರು:
ಅಣ್ಣಾ, ಆ 6, 7, 8 ಅನ್ನೋದೇ ಉತ್ತರ. 6 ಅಂದರೆ ಜೂನ್, 7 ಅಂದರೆ ಜುಲೈ, 8 ಅಂದರೆ ಆಗಸ್ಟ್. ನಿಮ್ಮ ಮುಂಗಾರು ಮಳೆಯೇ ಅಲ್ಲಿ ಚೆದುರಿ ಕೂತಿದೆ.

ನೋಡಿ. 01/07/2019 ಅಂದರೆ ನಮಗೆ ಜುಲೈ 1. ಅಮೆರಿಕದ ಪದ್ಧತಿಯಲ್ಲಿ ತಿಂಗಳು ಮೊದಲು, ಆದ್ದರಿಂದ ಅದು ಜನವರಿ 7. 02/07 ಫೆಬ್ರವರಿ 7 ಆಗುತ್ತದೆ. 12/07 ಡಿಸೆಂಬರ್ 7. ಹೀಗೆ ಜುಲೈ ತಿಂಗಳ ಮೊದಲ ಹನ್ನೆರಡು ದಿನ ಹನ್ನೆರಡು ತಿಂಗಳಿಗೆ ಹಂಚಿಹೋಗುತ್ತವೆ, ಎಲ್ಲಾ 7ನೇ ತಾರೀಕಿಗೆ. 13/07 ಬಂದ ತಕ್ಷಣ ಹದಿಮೂರನೇ ತಿಂಗಳು ಇಲ್ಲವಲ್ಲ, ಅಲ್ಲಿಂದ ಮುಂದೆ ಸರಿಯಾಗಿ ಓದುತ್ತದೆ, ಇಲ್ಲಾ ಅಕ್ಷರವಾಗಿಯೇ ಬಿಡುತ್ತದೆ.

ಒಂದು ಪರೀಕ್ಷೆ ಮಾಡಿ. ನಿಮ್ಮ ಗ್ರಾಫ್‌ನಲ್ಲಿ ಜುಲೈ 1ರಿಂದ 5ರವರೆಗೆ ಮಳೆ ಎಷ್ಟಿದೆ ಹೇಳಿ. ಅಲ್ಲಿ ಈಗ ಕೂತಿರುವುದು ನಿಜವಾಗಿ ಜನವರಿ 7, ಫೆಬ್ರವರಿ 7, ಮಾರ್ಚ್ 7 ಇತ್ಯಾದಿ. ಅಂದರೆ ಹೆಚ್ಚುಕಡಿಮೆ ಒಣಗಿರಬೇಕು. ಹಾಗೇ ಎಕ್ಸೆಲ್‌ನಲ್ಲಿ ತಾರೀಕಿನ ಕಾಲಂ ಅನ್ನು ಅಗಲ ಮಾಡಿ ನೋಡಿ. ಕೆಲವು ಬಲಕ್ಕೆ, ಕೆಲವು ಎಡಕ್ಕೆ ಅಂಟಿಕೊಂಡಿವೆಯಾ?

ರೊಬಸ್ಟಾ ಮೂಡಿಗೆರೆ:
ಹೌದು! ಜುಲೈ 1ರಿಂದ 5 ಪೂರ್ತಿ ಒಣ. 6ಕ್ಕೆ ಇದ್ದಕ್ಕಿದ್ದಂತೆ ಮಳೆ. ಹನ್ನೆರಡರ ಒಳಗಿನ ತಾರೀಕೆಲ್ಲ ಬಲಕ್ಕಿವೆ, ಹದಿಮೂರರಿಂದ ಮುಂದಿನವು ಎಡಕ್ಕಿವೆ. ಇದು ಪಾಂಡಾಸ್ ಮಾಡಿದ್ದಾ, ಎಕ್ಸೆಲ್ ಮಾಡಿದ್ದಾ?

ಡೇಟಾ ಬೇಲೂರು:
ನಿಮ್ಮಲ್ಲಿ ಎಕ್ಸೆಲ್. ಬಲಕ್ಕಿರುವುದನ್ನು ಅದು ತಾರೀಕು ಅಂತ ಒಪ್ಪಿಕೊಂಡಿದೆ, ಎಡಕ್ಕಿರುವುದು ಬರೀ ಅಕ್ಷರ. ಕಂಪ್ಯೂಟರ್‌ನ ಪ್ರದೇಶದ ಸೆಟ್ಟಿಂಗ್ ಅಮೆರಿಕದ್ದಿದ್ದರೆ ಹೀಗೇ ಆಗುವುದು. ನಮ್ಮ ಕಡೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಆ ಸೆಟ್ಟಿಂಗ್ ಬದಲಾಯಿಸಿರುವುದೇ ಇಲ್ಲ.

ಖಚಿತ ಮಾಡಿಕೊಳ್ಳಬೇಕಾ? 05/07/2019 ಇರುವ ಸೆಲ್‌ನ ಫಾರ್ಮ್ಯಾಟ್ ಅನ್ನು ಜನರಲ್ ಮಾಡಿ. ಎಕ್ಸೆಲ್ ತಾರೀಕನ್ನು ಒಳಗೆ ದಿನಗಳ ಎಣಿಕೆಯಾಗಿ ಇಟ್ಟುಕೊಳ್ಳುತ್ತದೆ. 43651 ಅಂತ ಬಂದರೆ ಜುಲೈ 5. 43592 ಅಂತ ಬಂದರೆ ಮೇ 7.

ಇನ್ನು ಪಾಂಡಾಸ್ ವಿಷಯ. ಅದೂ ನಂಬಿ ಕೂರುವಂಥದ್ದಲ್ಲ. ಫಾರ್ಮ್ಯಾಟ್ ಹೇಳದಿದ್ದರೆ ತಿಂಗಳು ಮೊದಲು ಅಂತಲೇ ಅದರ ಊಹೆ. 2.0ಕ್ಕಿಂತ ಹಳೆಯ ಆವೃತ್ತಿಗಳು ಒಂದೊಂದು ಸಾಲಿಗೂ ಬೇರೆ ಊಹೆ ಮಾಡುತ್ತಿದ್ದವು. 04/05 ಏಪ್ರಿಲ್ 5, ಅದರ ಕೆಳಗಿನ 13/05 ಮೇ 13. ಒಂದೇ ಕಾಲಂನಲ್ಲಿ ಎರಡು ಪದ್ಧತಿ, ಸದ್ದಿಲ್ಲದೆ. 2023ರಲ್ಲಿ ಬಂದ 2.0ರಿಂದ ಇದು ಬದಲಾಗಿದೆ. ಮೊದಲ ಸಾಲನ್ನು ನೋಡಿ ಫಾರ್ಮ್ಯಾಟ್ ತೀರ್ಮಾನಿಸಿ ಎಲ್ಲದಕ್ಕೂ ಅದನ್ನೇ ಹಾಕುತ್ತದೆ, ಹೊಂದದಿದ್ದರೆ ಎರರ್ ಕೊಡುತ್ತದೆ. ಇದು ಎಷ್ಟೋ ವಾಸಿ. ಆದರೆ ನೀವು ಓದಲಾಗದ್ದನ್ನು ಖಾಲಿ ಬಿಡು ಅಂದಿದ್ದೀರಿ. ಆಗ ಆ ಎರರ್ ನಿಮಗೆ ಕಾಣುವುದೇ ಇಲ್ಲ. ಮೊದಲ ಸಾಲು 04/05 ಆಗಿದ್ದರೆ 13ರಿಂದ 31ರವರೆಗಿನ ದಿನಗಳೆಲ್ಲ ಮಾಯ. ಮೊದಲ ಸಾಲು 13/05 ಆಗಿದ್ದರೆ ಎಲ್ಲಾ ಸರಿ. ಫೈಲ್‌ನ ಮೊದಲ ಸಾಲು ಯಾವುದು ಅನ್ನುವುದರ ಮೇಲೆ ಅರವತ್ತು ವರ್ಷದ ಮಳೆ ನಿಲ್ಲಬಾರದು.

ಹಾಗಾಗಿ ಫಾರ್ಮ್ಯಾಟ್ ಅನ್ನು ನೀವೇ ಹೇಳಿ. ಪರ್ಸೆಂಟ್ ಚಿಕ್ಕ ಡಿ, ಓರೆಗೆರೆ, ಪರ್ಸೆಂಟ್ ಚಿಕ್ಕ ಎಂ, ಓರೆಗೆರೆ, ಪರ್ಸೆಂಟ್ ದೊಡ್ಡ ವೈ. ದಿನ, ತಿಂಗಳು, ನಾಲ್ಕಂಕಿಯ ವರ್ಷ. ಎಂ ದೊಡ್ಡದು ಮಾಡಬೇಡಿ, ಅದು ನಿಮಿಷ. ಡೇಫಸ್ಟ್ ಅಂತ ಒಂದು ಆಯ್ಕೆ ಇದೆ, ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಅದು ಕಟ್ಟುನಿಟ್ಟಲ್ಲ, ಬರೀ ಸಲಹೆ.

ಮೂಲ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಬರೀ ಅಕ್ಷರದ ಫೈಲ್) ಇದೆಯಾ? ಇದ್ದರೆ ಎಕ್ಸೆಲ್ ಮುಟ್ಟದ ಆ ಫೈಲ್‌ನಿಂದ ಶುರು ಮಾಡಿ. ಅದನ್ನು ನೋಟ್‌ಪ್ಯಾಡ್‌ನಲ್ಲಿ ಮಾತ್ರ ತೆರೆಯಿರಿ.

ಹಾಸನ ವೆಬ್:
ವೆಬ್ ಪುಟಗಳಿಗೆ ಪಿಎಚ್‌ಪಿ ಭಾಷೆ ಬಳಸುವವರಿಗೆ ಒಂದು ಮಾತು. ಅಲ್ಲಿ ಸ್ಟ್ರ್‌ಟುಟೈಮ್ ಫಂಕ್ಷನ್ ನಡುವಿನ ಗೆರೆ ನೋಡಿ ತೀರ್ಮಾನ ಮಾಡುತ್ತದೆ. 05/07/2019 ಅಂತ ಓರೆಗೆರೆ ಇದ್ದರೆ ಅಮೆರಿಕದ ಪದ್ಧತಿ, ಮೇ 7. 05-07-2019 ಅಂತ ಅಡ್ಡಗೆರೆ ಇದ್ದರೆ ದಿನ ಮೊದಲು, ಜುಲೈ 5. ಒಂದು ಗೆರೆಯಿಂದ ಎರಡು ತಿಂಗಳು ವ್ಯತ್ಯಾಸ. ನಮ್ಮ ಕಡೆಯ ಫಾರಂಗಳಲ್ಲಿ ಎರಡನ್ನೂ ಬರೆಯುತ್ತಾರೆ, ಆದ್ದರಿಂದ ಆ ಫಂಕ್ಷನ್‌ಗೆ ಜನ ಟೈಪ್ ಮಾಡಿದ್ದನ್ನು ನೇರವಾಗಿ ಕೊಡಬಾರದು. ಫಾರ್ಮ್ಯಾಟ್ ಹೇಳಿ ಓದಿಸುವ ಬೇರೆ ಫಂಕ್ಷನ್ ಇದೆ, ಅದನ್ನು ಬಳಸಿ.

ರೊಬಸ್ಟಾ ಮೂಡಿಗೆರೆ:
2005ರಿಂದ ಈಚೆಗೆ ಮೂಲ ಸಿಎಸ್‌ವಿ ಇದೆ. ಫಾರ್ಮ್ಯಾಟ್ ಹೇಳಿ ಓದಿಸಿದೆ. ಜನವರಿ ಒಣಗಿತು, ಜುಲೈ ತುಂಬಿತು. ತುಂಬಾ ಥ್ಯಾಂಕ್ಸ್.

ಆದರೆ 1990ರಿಂದ 2004ರವರೆಗಿನದನ್ನು ಟೈಪ್ ಮಾಡಿದವರು ಎಕ್ಸೆಲ್ ಫೈಲ್ ಆಗಿಯೇ ಕೊಟ್ಟಿದ್ದಾರೆ. ಮೂಲ ಅಕ್ಷರ ಇಲ್ಲ. ಅಲ್ಲೂ ಎಡ-ಬಲ ಬೆರೆತಿದೆ.

ಕಳಸದ ಹುಡುಗ:
ಅಣ್ಣ, ಮಳೆಯನ್ನೇ ನೋಡಿ ಸರಿ ಮಾಡಿದರೆ ಆಯ್ತಲ್ವಾ? ಜನವರಿಯಿಂದ ಮಾರ್ಚ್‌ವರೆಗೆ ಒಂದು ಇಂಚಿಗಿಂತ ಜಾಸ್ತಿ ಇದ್ದರೆ ದಿನ, ತಿಂಗಳು ಅದಲುಬದಲು ಮಾಡು ಅಂತ ಒಂದು ಸಾಲು ಕೋಡ್ ಬರೆದರೆ ಸಾಕು.

ಬಾಳೆಹೊನ್ನೂರು ತೋಟ:
ತಮ್ಮಾ, ಅದು ಮಾತ್ರ ಬೇಡ. ನನಗೆ ಕೋಡ್ ಗೊತ್ತಿಲ್ಲ, ಮಳೆ ಗೊತ್ತು.

ಜನವರಿಯಲ್ಲಿ ಮಳೆ ಬರುತ್ತದೆ. 2021ರ ಜನವರಿಯಲ್ಲಿ ಕೊಯ್ಲಿನ ಹೊತ್ತಿಗೆ ಸುರಿದದ್ದು ಇಲ್ಲಿ ಯಾರಿಗೂ ಮರೆತಿರಲಿಕ್ಕಿಲ್ಲ. ಕಣದಲ್ಲಿ ಒಣ ಹಾಕಿದ ಕಾಫಿ ನೆನೆಯಿತು, ಗಿಡದಲ್ಲಿದ್ದ ಹಣ್ಣು ಉದುರಿತು, ಅಕಾಲದಲ್ಲಿ ಹೂವೂ ಬಂತು. ನಿಮ್ಮ ಕೋಡ್ ಆ ಮಳೆಯನ್ನು ಎತ್ತಿಕೊಂಡು ಹೋಗಿ ಜೂನ್‌ಗೋ ಜುಲೈಗೋ ಹಾಕುತ್ತದೆ. ಅಪರೂಪದ ಮಳೆ ಯಾವಾಗ ಬಂತು ಅಂತ ತಿಳಿಯುವುದಕ್ಕೇ ಅಲ್ಲವಾ ರಿಜಿಸ್ಟರ್ ಇಟ್ಟಿರುವುದು? ಮಳೆ ಹೀಗೇ ಇರಬೇಕು ಅಂತ ಮೊದಲೇ ತೀರ್ಮಾನಿಸಿ ತಾರೀಕು ತಿದ್ದಿದರೆ, ಆಮೇಲೆ ಆ ತಾರೀಕಿನಿಂದ ಮಳೆಯ ಬಗ್ಗೆ ಏನು ಕಲಿಯುತ್ತೀರಿ?

ಇನ್ನೊಂದು ತೊಂದರೆ. 4/3 ಅನ್ನುವುದು ಮಾರ್ಚ್ 4 ಆಗಬಹುದು, ಏಪ್ರಿಲ್ 3 ಆಗಬಹುದು. ಬ್ಲಾಸಮ್ ಮಳೆ ಎರಡರಲ್ಲಿ ಯಾವಾಗ ಬೇಕಾದರೂ ಬರುತ್ತದೆ. 95 ಸೆಂಟ್ ಅಂತ ಬರೆದಿದ್ದರೆ ಎರಡಕ್ಕೂ ಹೊಂದುತ್ತದೆ. ಇವರು ಹುಡುಕುತ್ತಿರುವುದೇ ಬ್ಲಾಸಮ್ ಮಳೆ. ಅಲ್ಲೇ ಒಂದು ತಿಂಗಳು ಹೆಚ್ಚುಕಡಿಮೆ ಆದರೆ ಎಲ್ಲಾ ಹೋಯಿತು.

ರಿಜಿಸ್ಟರ್ ಬರೆಯುವವರು ಒಂದರ ಕೆಳಗೆ ಒಂದು ಬರೆಯುತ್ತಾ ಹೋಗುತ್ತಾರೆ. ಯಾರೂ ಜುಲೈ ಬರೆದ ಮೇಲೆ ಜನವರಿಗೆ ಹಿಂದೆ ಹೋಗುವುದಿಲ್ಲ. ಮೇಲಿನ ಸಾಲು, ಕೆಳಗಿನ ಸಾಲು ನೋಡಿ. ಇನ್ನೂ ಗೊತ್ತಾಗದಿದ್ದರೆ ವಾರ ನೋಡಿ. ಅವರೇ ಮೇಲೆ ಹಾಕಿದ್ದಾರಲ್ಲ, 4.3.2001 ಭಾನುವಾರ ಅಂತ.

ಡೇಟಾ ಬೇಲೂರು:
ಬಾಳೆಹೊನ್ನೂರು ಸರ್ ಹೇಳಿದ್ದು ನೂರಕ್ಕೆ ನೂರು ಸರಿ. 2001ರ ಮಾರ್ಚ್ 4 ಭಾನುವಾರ. ಏಪ್ರಿಲ್ 3 ಮಂಗಳವಾರ. ಹಾಗಾಗಿ ಆ ಸಾಲು ಮಾರ್ಚ್ 4, ಅನುಮಾನವೇ ಇಲ್ಲ. ವಾರದ ಹೆಸರನ್ನು ಅಳಿಸಿ ಬಿಸಾಕಬೇಡಿ, ಬೇರೆ ಕಾಲಂಗೆ ತೆಗೆದಿಟ್ಟುಕೊಳ್ಳಿ. ತಾರೀಕು ಓದಿಸಿದ ಮೇಲೆ ವಾರ ತಾಳೆ ಆಗುತ್ತದಾ ಅಂತ ನೋಡಿ.

ಎಕ್ಸೆಲ್ ಫೈಲ್‌ಗೆ ನಾನು ಹೀಗೆ ಮಾಡುತ್ತೇನೆ. ಮೊದಲು ಫೈಲ್‌ನ ಪ್ರತಿ ಬೇರೆ ಕಡೆ ಇಡಿ. ಪೈಥಾನ್‌ನಲ್ಲಿ ಓಪನ್‌ಪೈಎಕ್ಸೆಲ್ ಅನ್ನುವ ಲೈಬ್ರರಿ ಇಟ್ಟುಕೊಂಡು ಒಂದೊಂದೇ ಸೆಲ್ ಓದಿ. ಎಕ್ಸೆಲ್ ತಾರೀಕು ಅಂತ ಒಪ್ಪಿದ ಸೆಲ್ ಡೇಟ್‌ಟೈಮ್ ಆಗಿ ಬರುತ್ತದೆ, ಒಪ್ಪದಿದ್ದದ್ದು ಸ್ಟ್ರಿಂಗ್ ಆಗಿ, ಅಂದರೆ ಬರೀ ಅಕ್ಷರವಾಗಿ ಬರುತ್ತದೆ. ಸ್ಟ್ರಿಂಗ್ ಇದ್ದರೆ ದಿನ-ತಿಂಗಳು-ವರ್ಷ ಅಂತ ಓದಿ. ಡೇಟ್‌ಟೈಮ್ ಇದ್ದರೆ ದಿನ ಮತ್ತು ತಿಂಗಳನ್ನು ಅದಲುಬದಲು ಮಾಡಿ.

ಅದಲುಬದಲು ಮಾಡುವ ಮುಂಚೆ ಒಂದು ಪರಿಶೀಲನೆ ಕಡ್ಡಾಯ. ಡೇಟ್‌ಟೈಮ್ ಆಗಿ ಬಂದ ಸೆಲ್‌ಗಳಲ್ಲಿ ದಿನ 12ಕ್ಕಿಂತ ಜಾಸ್ತಿ ಇರುವುದು ಯಾವುದಾದರೂ ಇದೆಯಾ? ಇದ್ದರೆ ಆ ಭಾಗ ಭಾರತದ ಸೆಟ್ಟಿಂಗ್ ಇರುವ ಕಂಪ್ಯೂಟರ್‌ನಲ್ಲಿ ಟೈಪ್ ಆಗಿದೆ ಅಂತ ಅರ್ಥ. ಅದನ್ನು ಮುಟ್ಟಬಾರದು. ಹದಿನೈದು ವರ್ಷದ ಫೈಲ್ ಅಂದಿರಿ, ಎರಡು ಥರದ ಕಂಪ್ಯೂಟರ್ ಬಳಸಿರುವ ಸಾಧ್ಯತೆ ಇದೆ. ವರ್ಷವಾರು ಬೇರೆ ಬೇರೆಯಾಗಿ ನೋಡಿ.

ಅದಾದ ಮೇಲೆ ಸಾಲಿನ ಕ್ರಮ. 12 ದಾಟಿದ ದಿನಗಳಲ್ಲಿ ಗೊಂದಲ ಇಲ್ಲ, ಅವು ಗೂಟ ಇದ್ದ ಹಾಗೆ. ಜೂನ್ 28 ಮತ್ತು ಜುಲೈ 14ರ ನಡುವೆ 5/7 ಅಂತ ಇದ್ದರೆ ಅದು ಜುಲೈ 5 ಮಾತ್ರ ಆಗಲು ಸಾಧ್ಯ. ಮೇ 7 ಅಲ್ಲಿ ಹೊಂದುವುದಿಲ್ಲ. ಮುಂಗಾರಿನಲ್ಲಿ ದಿನಾ ಮಳೆ, ಗೂಟಗಳು ಹತ್ತಿರ ಹತ್ತಿರ ಇರುತ್ತವೆ, ಎಲ್ಲಾ ತಾನೇ ಬಗೆಹರಿಯುತ್ತದೆ. ಕಷ್ಟ ಇರುವುದು ಬೇಸಿಗೆಯಲ್ಲಿ. ಮಳೆ ಬಂದ ದಿನ ಮಾತ್ರ ಬರೆದಿದ್ದರೆ ಫೆಬ್ರವರಿ 20ರ ಸಾಲು ಆದ ಮೇಲೆ ನೇರ ಏಪ್ರಿಲ್ 17 ಇರಬಹುದು. ನಡುವೆ ಒಂದು 4/3. ಎರಡೂ ಹೊಂದುತ್ತದೆ. ಇಂಥದ್ದಕ್ಕೆ ಕಂಪ್ಯೂಟರ್ ಉತ್ತರ ಕೊಡಬಾರದು. ಪಕ್ಕದಲ್ಲಿ ಅನುಮಾನ ಅಂತ ಗುರುತು ಹಾಕಿ ನಿಲ್ಲಬೇಕು. ನೀವು ರಿಜಿಸ್ಟರ್ ತೆಗೆದು ಕಣ್ಣಾರೆ ನೋಡಬೇಕು.

ಬಾಳೆಹೊನ್ನೂರು ತೋಟ:
ಅಂಥ ಕಡೆ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಕೂಡ ನೋಡಿ. ಹೂವು ಅರಳಿದ ದಿನ ಕೆಲವರು ಅದರಲ್ಲಿ ಬರೆದಿರುತ್ತಾರೆ. ಬ್ಲಾಸಮ್ ಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಹೂವು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಮಳೆ ಮಾರ್ಚ್‌ದೋ ಏಪ್ರಿಲ್‌ದೋ ಗೊತ್ತಾಗುತ್ತದೆ.

ಅಂಕಿ ಅಕ್ಷರ, ಚಿಕ್ಕಮಗಳೂರು:
ಕನ್ನಡದಲ್ಲಿ ಬರೆದ ತಾರೀಕಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಈ ಭಾಗ ನನಗೆ ತುಂಬಾ ಇಷ್ಟ.

ಕನ್ನಡ ಅಂಕಿಗಳು ಯೂನಿಕೋಡ್‌ನಲ್ಲಿ (ಕಂಪ್ಯೂಟರ್‌ನ ಅಕ್ಷರ ಸಂಕೇತಗಳ ಪಟ್ಟಿ) ನಿಜವಾದ ಅಂಕಿಗಳೇ. ಪೈಥಾನ್‌ಗೆ ಅದು ಗೊತ್ತು. ಇಂಟ್ ಫಂಕ್ಷನ್‌ಗೆ ೧೯೮೭ ಕೊಟ್ಟರೆ 1987 ವಾಪಸ್ ಬರುತ್ತದೆ. ಜಾವಾದ ಪಾರ್ಸ್‌ಇಂಟ್ ಕೂಡ ಓದುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಆಗುವುದಿಲ್ಲ, ಅಂಕಿ ಅಲ್ಲ ಅನ್ನುತ್ತದೆ. ಆದರೆ ತಾರೀಕು ಓದುವ ಫಂಕ್ಷನ್‌ಗಳಿಗೆ ಕನ್ನಡ ಅಂಕಿ ಹಾಗೇ ಕೊಡಬೇಡಿ. ಪೈಥಾನ್‌ನ ಸ್ಟ್ರಪ್‌ಟೈಮ್ ಎಲ್ಲಾ ಜಾಗದಲ್ಲಿ ಒಂದೇ ಥರ ನಡೆದುಕೊಳ್ಳುವುದಿಲ್ಲ. ಮೊದಲು ಹತ್ತು ಅಂಕಿಗಳನ್ನೂ ಬದಲಾಯಿಸಿ, ಆಮೇಲೆ ಓದಿಸಿ.

ಸೊನ್ನೆಯ ಬಗ್ಗೆ ಎಚ್ಚರ. ಕನ್ನಡದ ೦ ಮತ್ತು ಅನುಸ್ವಾರ ನೋಡಲು ಒಂದೇ ಥರ. ಟೈಪ್ ಮಾಡುವಾಗ ೧೦ ಬದಲು ೧ ಹಾಕಿ ಅನುಸ್ವಾರ ಒತ್ತಿರುತ್ತಾರೆ. ಕಣ್ಣಿಗೆ ಹತ್ತು ಅಂತಲೇ ಕಾಣುತ್ತದೆ, ಕಂಪ್ಯೂಟರ್‌ಗೆ ಅಲ್ಲ. ಅಂಕಿ ಆದ ತಕ್ಷಣ ಅನುಸ್ವಾರ ಬಂದರೆ ಸೊನ್ನೆ ಅಂತ ತಿದ್ದುವ ನಿಯಮ ಹಾಕಿಕೊಳ್ಳಿ.

ಇನ್ನು ತಿಂಗಳ ಹೆಸರು. ಏಪ್ರಿಲ್, ಎಪ್ರಿಲ್. ಆಗಸ್ಟ್, ಅಗಸ್ಟ್. ನವೆಂಬರ್, ನವಂಬರ್. ಅಕ್ಟೋಬರ್, ಆಕ್ಟೋಬರ್. ಇದಕ್ಕೆ ಸಿದ್ಧ ಲೈಬ್ರರಿ ಹುಡುಕುವ ಬದಲು ನಿಮ್ಮ ಫೈಲ್‌ನಲ್ಲಿ ಇರುವ ಎಲ್ಲಾ ಹೆಸರುಗಳ ಪಟ್ಟಿ ತೆಗೆದು, ಪ್ರತಿಯೊಂದರ ಮುಂದೆ ತಿಂಗಳ ಸಂಖ್ಯೆ ಬರೆದ ಡಿಕ್ಷನರಿ ಮಾಡಿ. ಪಟ್ಟಿಯಲ್ಲಿ ಇಲ್ಲದ ಹೆಸರು ಬಂದರೆ ಪ್ರೋಗ್ರಾಂ ನಿಲ್ಲಬೇಕು.

ಡಿಕ್ಷನರಿ ಸರಿ ಇದ್ದರೂ ಅಕ್ಟೋಬರ್ ಕೆಲವೊಮ್ಮೆ ಸಿಗುವುದಿಲ್ಲ. ಅದರಲ್ಲಿ ಟೋ ಅಕ್ಷರ ಇದೆಯಲ್ಲ, ಆ ದೀರ್ಘ ಓಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಹೋಲಿಸಿದರೆ ಬೇರೆ. ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಸ್ ಫಂಕ್ಷನ್‌ನಲ್ಲಿ ಎನ್‌ಎಫ್‌ಸಿ ಆರಿಸಿ ಮೊದಲು ಎಲ್ಲವನ್ನೂ ಒಂದೇ ರೂಪಕ್ಕೆ ತನ್ನಿ. ಕಾಣದ ಶೂನ್ಯ ಅಗಲದ ಜೋಡಕಗಳು ಇದ್ದರೆ ಅವನ್ನೂ ತೆಗೆಯಿರಿ.

ರೊಬಸ್ಟಾ ಮೂಡಿಗೆರೆ:
ಮೇಡಂ, ಅಕ್ಟೋಬರ್ ವಿಷಯ ನೀವು ಹೇಳದಿದ್ದರೆ ನನಗೆ ಹೊಳೆಯುತ್ತಲೇ ಇರಲಿಲ್ಲ. 1986, 87ರ ಹಿಂಗಾರು ಪೂರ್ತಿ ಕಾಣೆಯಾಗಿತ್ತು. ಈಗ ಬಂತು.

ಮುಂದಿನದ್ದು ಎರಡಂಕಿ ವರ್ಷ. 12-7-62 ಅನ್ನು ಪೈಥಾನ್ 2062 ಅಂತ ಓದುತ್ತಿದೆ. 12-7-71 ಮಾತ್ರ 1971 ಅಂತ ಸರಿಯಾಗಿ ಓದುತ್ತಿದೆ.

ಜಾವಾ ಹಾಸನ:
ಇದು ಒಂದೊಂದು ಕಡೆ ಒಂದೊಂದು ಥರ. ಪೈಥಾನ್‌ನಲ್ಲಿ 69ರಿಂದ 99 ಅಂದರೆ 1900ರ ಸಾಲು, 00ರಿಂದ 68 ಅಂದರೆ 2000ದ ಸಾಲು. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಗಡಿ 70. ಅಂದರೆ 69 ಅನ್ನುವುದು ಪೈಥಾನ್‌ಗೆ 1969, ಮೈಎಸ್‌ಕ್ಯೂಎಲ್‌ಗೆ 2069. ಎಕ್ಸೆಲ್‌ನ ಮಾಮೂಲಿ ಗಡಿ 30, ಹಾಗಾಗಿ ಅಲ್ಲಿ 62 ಸರಿಯಾಗಿ 1962 ಆಗುತ್ತದೆ. ಜಾವಾದ ಹಳೆಯ ಸಿಂಪಲ್‌ಡೇಟ್‌ಫಾರ್ಮ್ಯಾಟ್ ಇವತ್ತಿನಿಂದ 80 ವರ್ಷ ಹಿಂದೆ, 20 ವರ್ಷ ಮುಂದೆ ಅಂತ ಲೆಕ್ಕ ಹಾಕುತ್ತದೆ. ಅಂದರೆ ಅದರ ಉತ್ತರ ವರ್ಷ ಕಳೆದ ಹಾಗೆ ಬದಲಾಗುತ್ತದೆ. 2014ರಲ್ಲಿ ಜಾವಾ 8 ಜೊತೆ ಬಂದ ಹೊಸದು ಎಲ್ಲವನ್ನೂ 2000ದ ಸಾಲಿಗೇ ಹಾಕುತ್ತದೆ.

ನಿಮಗೆ ಇದ್ಯಾವುದೂ ಬೇಕಾಗಿಲ್ಲ. ರಿಜಿಸ್ಟರ್‌ನ ರಟ್ಟಿನ ಮೇಲೆ ವರ್ಷ ಇರುತ್ತದೆ. ಯಾವ ಸಾಲು ಯಾವ ಪುಸ್ತಕದ್ದು ಅಂತ ಒಂದು ಕಾಲಂ ಇಡಿ, ಶತಮಾನ ಅಲ್ಲಿಂದ ತೆಗೆದುಕೊಳ್ಳಿ.

ಇಲ್ಲದ ತಾರೀಕುಗಳ ಬಗ್ಗೆಯೂ ಹೇಳಿಬಿಡುತ್ತೇನೆ. 31/06/1995 ಅಂತ ಯಾರಾದರೂ ಬರೆದಿದ್ದರೆ? ಪೈಥಾನ್ ಎರರ್ ಕೊಡುತ್ತದೆ, ಒಳ್ಳೆಯದು. ಜಾವಾದ ಹಳೆಯದು ಅದನ್ನು ಜುಲೈ 1 ಮಾಡುತ್ತದೆ. ಹೊಸದು ಮಾಮೂಲಿ ಸ್ಥಿತಿಯಲ್ಲಿ ಜೂನ್ 30 ಮಾಡುತ್ತದೆ. ಹೊಸದರಲ್ಲಿ ಸ್ಟ್ರಿಕ್ಟ್ ಅಂತ ಹಾಕಿದರೆ ಮಾತ್ರ ಎರರ್. ಹಾಗೆ ಹಾಕಿದಾಗ ವರ್ಷಕ್ಕೆ ವೈ ಅಕ್ಷರ ಬಿಟ್ಟು ಯು ಅಕ್ಷರ ಬಳಸಬೇಕು, ಇಲ್ಲದಿದ್ದರೆ ಸರಿಯಾದ ತಾರೀಕಿಗೂ ಎರರ್ ಬರುತ್ತದೆ. ದೊಡ್ಡ ವೈ ಅಂತೂ ಬೇಡವೇ ಬೇಡ, ಜಾವಾದಲ್ಲಿ ಅದು ವಾರದ ಲೆಕ್ಕದ ವರ್ಷ. 2024ರ ಡಿಸೆಂಬರ್ 30 ಅನ್ನು ಅದರಲ್ಲಿ ಬರೆಸಿದರೆ 2025 ಡಿಸೆಂಬರ್ 30 ಅಂತ ಬರುತ್ತದೆ.

ರೊಬಸ್ಟಾ ಮೂಡಿಗೆರೆ:
31/6 ನಿಜವಾಗಿಯೂ ಇದೆ! ಪುಸ್ತಕ ನೋಡಿದೆ, ಅದರ ಹಿಂದಿನ ಸಾಲು 30/6, ಮುಂದಿನ ಸಾಲು 2/7. ಹಾಗಾಗಿ ಜುಲೈ 1. ಆದರೆ ಅದನ್ನು ನಾನೇ ತೀರ್ಮಾನಿಸಿದೆ ಅಂತ ಪಕ್ಕದಲ್ಲಿ ಬರೆದಿಟ್ಟಿದ್ದೇನೆ.

ಆರಿದ್ರಾ ಮಳೆ ಎರಡನೇ ದಿನ ಅಂತ ಇರುವುದಕ್ಕೆ ಏನು ಮಾಡಲಿ? 1974ರ ಪುಸ್ತಕದಲ್ಲಿ ಇಂಥದ್ದು ಬಹಳ ಇವೆ.

ಬಾಳೆಹೊನ್ನೂರು ತೋಟ:
ಮಳೆ ನಕ್ಷತ್ರ ಸೂರ್ಯನ ಲೆಕ್ಕ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು-ಹದಿನಾಲ್ಕು ದಿನ ಇರುತ್ತಾನೆ. ಆರಿದ್ರಾ ಹುಟ್ಟುವುದು ಜೂನ್ 21, 22ರ ಸುಮಾರಿಗೆ, ಮುಗಿಯುವುದು ಜುಲೈ 5ರ ಸುಮಾರಿಗೆ. ಆ ವರ್ಷದ ಪಂಚಾಂಗ ಸಿಕ್ಕರೆ ಹುಟ್ಟಿದ ದಿನ ಖಚಿತವಾಗಿ ಸಿಗುತ್ತದೆ. ಆದರೂ ಬರೆದವರು ಹುಟ್ಟಿದ ದಿನವನ್ನೇ ಒಂದನೇ ದಿನ ಅಂದರಾ, ಮರುದಿನವನ್ನಾ ಅನ್ನುವುದು ಉಳಿಯುತ್ತದೆ.

ಡೇಟಾ ಬೇಲೂರು:
ಹಾಗಿದ್ದರೆ ಅಲ್ಲಿ ಒಂದೇ ತಾರೀಕು ಹಾಕಬೇಡಿ. ಎರಡು ಕಾಲಂ ಇಡಿ. ಈ ದಿನಕ್ಕಿಂತ ಮುಂಚೆ ಅಲ್ಲ, ಈ ದಿನಕ್ಕಿಂತ ಆಮೇಲೆ ಅಲ್ಲ ಅಂತ. ಮಾಮೂಲಿ ಸಾಲುಗಳಿಗೆ ಎರಡೂ ಒಂದೇ ಇರುತ್ತದೆ. ಆರಿದ್ರಾ ಎರಡನೇ ದಿನಕ್ಕೆ ಜೂನ್ 22ರಿಂದ 24. ತಿಂಗಳ ಮೊತ್ತಕ್ಕೆ ಇದು ಸಾಕು. ದಿನದ ಗ್ರಾಫ್‌ನಿಂದ ಇವನ್ನು ಹೊರಗಿಡಿ.

ತಾರೀಕು ಬರೆಯುವಾಗ 2019-07-05 ಅನ್ನುವ ರೂಪದಲ್ಲೇ ಬರೆಯಿರಿ. ವರ್ಷ, ತಿಂಗಳು, ದಿನ. ಇದು 1988ರಲ್ಲಿ ಬಂದ ಐಎಸ್‌ಒ 8601 ಮಾನದಂಡ. ಬರೀ ಅಕ್ಷರವಾಗಿ ವಿಂಗಡಿಸಿದರೂ ಕಾಲಕ್ರಮದಲ್ಲೇ ಕೂರುತ್ತದೆ. ಮೂಲದಲ್ಲಿ ಇದ್ದ ಅಕ್ಷರ ಇನ್ನೊಂದು ಕಾಲಂನಲ್ಲಿ ಹಾಗೇ ಇರಲಿ, ಒಂದು ಚುಕ್ಕೆಯನ್ನೂ ತಿದ್ದಬೇಡಿ. ನಾಳೆ ಯಾರಾದರೂ ನಿಮ್ಮ ನಿಯಮ ಸರಿಯಿಲ್ಲ ಅಂದರೆ ಮತ್ತೆ ಓದಿಸಲು ಅದೊಂದೇ ದಾರಿ.

ರೊಬಸ್ಟಾ ಮೂಡಿಗೆರೆ:
ಈಗ ತೋಟದಲ್ಲಿ ಒಂದು ಹವಾಮಾನ ಯಂತ್ರ ಹಾಕಿಸಿದ್ದೇವೆ. ಅದರ ಫೈಲ್‌ನಲ್ಲಿ 2023-07-05, ನಡುವೆ ಟಿ ಅಕ್ಷರ, 18:45:00, ಕೊನೆಗೆ ಝಡ್ ಅಕ್ಷರ ಇದೆ. ಸಂಜೆ ಆರೂ ಮುಕ್ಕಾಲು ಅಂದುಕೊಂಡು ರಿಜಿಸ್ಟರ್ ಜೊತೆ ಸೇರಿಸಿದೆ. ಯಂತ್ರ ಮಳೆ ತೋರಿಸುವ ಹೊತ್ತಿಗೂ ನಮ್ಮ ನೆನಪಿಗೂ ತಾಳೆ ಇಲ್ಲ. ನನ್ನ ತಂಗಿ ಇದಕ್ಕೆ ವೆಬ್ ಪುಟ ಮಾಡಿದ್ದಾಳೆ, ಅಲ್ಲಿ ಜುಲೈ 5ರ ರಿಜಿಸ್ಟರ್ ಮಳೆ ಜುಲೈ 4, 18:30 ಅಂತ ತೋರಿಸುತ್ತಿದೆ.

ಹಾಸನ ವೆಬ್:
ಎರಡಕ್ಕೂ ಕಾರಣ ಒಂದೇ. ಝಡ್ ಅಂದರೆ ಯುಟಿಸಿ, ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. 18:45ಕ್ಕೆ 5:30 ಕೂಡಿಸಿದರೆ ನಡುರಾತ್ರಿ ದಾಟಿ ಜುಲೈ 6, 00:15. ಸಮಯ ಮಾತ್ರ ಅಲ್ಲ, ತಾರೀಕೇ ಬದಲಾಯಿತು.

18:30 ಅನ್ನುವುದನ್ನು ಎಲ್ಲಿ ಕಂಡರೂ ಭಾರತದ ನಡುರಾತ್ರಿ ಯುಟಿಸಿಗೆ ಬದಲಾಗಿದೆ ಅಂತ ತಿಳಿಯಿರಿ. ತಂಗಿಯವರು ಜಾವಾಸ್ಕ್ರಿಪ್ಟ್‌ನಲ್ಲಿ ಜುಲೈ 5 ಅಂತ ಡೇಟ್ ಮಾಡಿ, ಅದನ್ನು ಟುಐಎಸ್‌ಒಸ್ಟ್ರಿಂಗ್ ಮೂಲಕ ಬರೆಸಿರುತ್ತಾರೆ. ಅದು ಯಾವಾಗಲೂ ಯುಟಿಸಿಯಲ್ಲೇ ಬರೆಯುವುದು. ರಿಜಿಸ್ಟರ್ ತಾರೀಕಿಗೆ ಗಂಟೆಯೇ ಇಲ್ಲ, ಅದಕ್ಕೆ ಸಮಯ ವಲಯ ಅಂಟಿಸಲೇಬೇಡಿ, ಅಕ್ಷರವಾಗಿಯೇ ಪುಟಕ್ಕೆ ಕಳಿಸಿ. ಇನ್ನೊಂದು ವಿಷಯ ಅವರಿಗೆ ತಿಳಿಸಿ. ಜಾವಾಸ್ಕ್ರಿಪ್ಟ್ 2019-07-05 ಅಂತ ಬರೀ ತಾರೀಕು ಇದ್ದರೆ ಯುಟಿಸಿ ಅಂತ ಓದುತ್ತದೆ, ಅದರ ಮುಂದೆ ಗಂಟೆ ಇದ್ದು ವಲಯ ಇಲ್ಲದಿದ್ದರೆ ಸ್ಥಳೀಯ ಸಮಯ ಅಂತ ಓದುತ್ತದೆ.

ಜಾವಾ ಹಾಸನ:
ಪೈಥಾನ್‌ನಲ್ಲಿ ಯಂತ್ರದ ಫೈಲ್ ಓದಲು ಫ್ರಮ್‌ಐಎಸ್‌ಒಫಾರ್ಮ್ಯಾಟ್ ಇದೆ. ಕೊನೆಯ ಝಡ್ ಅದಕ್ಕೆ ಅರ್ಥವಾಗುವುದು 3.11ರಿಂದ. ಭಾರತದ ಸಮಯಕ್ಕೆ ಬದಲಾಯಿಸಲು 3.9ರಿಂದ ಇರುವ ಝೋನ್‌ಇನ್ಫೋ ಬಳಸಿ, ವಲಯದ ಹೆಸರು ಏಷ್ಯಾ/ಕೋಲ್ಕತಾ. ಐಎಸ್‌ಟಿ ಅಂತ ಬರೆಯಬೇಡಿ, ಇಸ್ರೇಲ್‌ಗೂ ಐರ್ಲೆಂಡ್‌ಗೂ ಅದೇ ಮೂರಕ್ಷರ. ಹಳೆಯ ಪೈಟಿಝಡ್ ಲೈಬ್ರರಿ ಬಳಸುವವರು ವಲಯವನ್ನು ನೇರವಾಗಿ ಡೇಟ್‌ಟೈಮ್‌ಗೆ ಕೊಡಬಾರದು. ಕೊಟ್ಟರೆ 5:30 ಬದಲು 5:53 ಬರುತ್ತದೆ, ಅದು ಹಿಂದಿನ ಕಾಲದ ಕಲ್ಕತ್ತೆಯ ಸ್ಥಳೀಯ ಸಮಯ. ಎಲ್ಲಾ ಸಮಯವೂ 23 ನಿಮಿಷ ಸರಿದಿರುತ್ತದೆ.

ಬಾಳೆಹೊನ್ನೂರು ತೋಟ:
ಯಂತ್ರವನ್ನೂ ರಿಜಿಸ್ಟರನ್ನೂ ಸೇರಿಸುವ ಮುಂಚೆ ಒಂದು ಕೇಳಬೇಕು. ನಿಮ್ಮ ಮನೆಯಲ್ಲಿ ಬೆಳಿಗ್ಗೆ ಅಳೆದ ಮಳೆಯನ್ನು ಆ ದಿನಕ್ಕೆ ಬರೆಯುತ್ತಿದ್ದರಾ, ಹಿಂದಿನ ದಿನಕ್ಕಾ? ಹವಾಮಾನ ಇಲಾಖೆಯವರು ಬೆಳಿಗ್ಗೆ ಎಂಟೂವರೆಗೆ ಅಳೆದು, ಅಲ್ಲಿಗೆ ಮುಗಿದ 24 ಗಂಟೆಯ ಮಳೆಯನ್ನು ಆ ದಿನದ ತಾರೀಕಿಗೇ ಬರೆಯುತ್ತಾರೆ. ಬಿದ್ದದ್ದು ನಿನ್ನೆ ಅಲ್ವಾ ಅಂತ ನಿನ್ನೆಯ ತಾರೀಕಿಗೆ ಬರೆಯುವ ತೋಟಗಳೂ ಇವೆ.

ರೊಬಸ್ಟಾ ಮೂಡಿಗೆರೆ:
ಅಪ್ಪ ಅದೇ ದಿನಕ್ಕೆ ಬರೆಯುತ್ತಾರೆ. ಅಜ್ಜ ಹೇಗೆ ಮಾಡುತ್ತಿದ್ದರು ಅಂತ ಅಪ್ಪನಿಗೂ ಖಚಿತ ಇಲ್ಲ. ಇದನ್ನು ಡೇಟಾದಿಂದಲೇ ಕಂಡುಹಿಡಿಯಲು ಆಗುತ್ತಾ?

ಡೇಟಾ ಬೇಲೂರು:
ಆಗುತ್ತದೆ. ಹತ್ತಿರದ ಸರ್ಕಾರಿ ಮಳೆಮಾಪನ ಕೇಂದ್ರದ ಅದೇ ವರ್ಷಗಳ ದಿನವಾರು ಅಂಕಿ ತೆಗೆದುಕೊಳ್ಳಿ. ಅಜ್ಜನ ಸಾಲನ್ನು ಮೊದಲು ಅದೇ ತಾರೀಕಿಗೆ ಹೋಲಿಸಿ, ಆಮೇಲೆ ಒಂದು ದಿನ ಮುಂದಕ್ಕೆ ಸರಿಸಿ ಹೋಲಿಸಿ. ಮಳೆ ಬಂದ ದಿನ, ಬಿಟ್ಟ ದಿನ ಯಾವುದರಲ್ಲಿ ಹೆಚ್ಚು ಹೊಂದುತ್ತದೋ ಅದೇ ಅವರ ಪದ್ಧತಿ. ಜುಲೈ ಬೇಡ, ಆಗ ದಿನಾ ಮಳೆ, ಏನೂ ಗೊತ್ತಾಗುವುದಿಲ್ಲ. ಏಪ್ರಿಲ್, ಮೇ ಮತ್ತು ಅಕ್ಟೋಬರ್ ತೆಗೆದುಕೊಳ್ಳಿ, ಬಿಟ್ಟು ಬಿಟ್ಟು ಬರುವ ಮಳೆ. ಕೈಬರಹ ಬದಲಾದ ಕಡೆ ಪುಸ್ತಕವನ್ನು ಭಾಗ ಮಾಡಿ, ಪ್ರತಿ ಭಾಗಕ್ಕೂ ಬೇರೆಯಾಗಿ ನೋಡಿ. ಯಂತ್ರಕ್ಕೆ ದಿನದ ಗಡಿಯನ್ನು ಯುಟಿಸಿ 03:00ಕ್ಕೆ ಇಡಿ, ಅದೇ ನಮ್ಮ ಎಂಟೂವರೆ.

ರೊಬಸ್ಟಾ ಮೂಡಿಗೆರೆ:
ಸರಿ. ಕೈಬರಹ ಬದಲಾಗುವುದು 1978ರ ಪುಸ್ತಕದಲ್ಲಿ. ಅಲ್ಲಿಂದ ಎರಡು ಭಾಗ ಮಾಡಿ ಓಡಿಸುತ್ತೇನೆ. ಅನುಮಾನ ಅಂತ ಗುರುತು ಬಿದ್ದ ಸಾಲುಗಳು ಹೆಚ್ಚಾಗಿ ಮಾರ್ಚ್, ಏಪ್ರಿಲ್‌ನವೇ. ಅವನ್ನು ಅಪ್ಪನ ಜೊತೆ ಕೂತು ಚೆಕ್‌ರೋಲ್ ಇಟ್ಟುಕೊಂಡು ನೋಡಿ, ಫೈಲ್ ಇಲ್ಲೇ ಹಾಕುತ್ತೇನೆ.